ಒಣಮರದ ಎರಡು ಫೋಟೋ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1987ರಲ್ಲಿ ಈ ಶಾಲೆಯಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದವನು. ಅದೇ ವರ್ಷ ಬೆಂಗಳೂರಿನ ಬಸ್ಸು ಹತ್ತಿ ಕಲಾಸಿಪಾಳ್ಯದಲ್ಲಿ ಇಳಿದೆ. ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳು ಆಗ ಅಲ್ಲೇ ನಿಲ್ಲುತ್ತಿದ್ದವು. ಇಳಿದ ಜಾಗದ ಪಕ್ಕದಲ್ಲೇ ಒಂದು ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇವತ್ತಿಗೂ ಅದೇ ರಸ್ತೆಯಲ್ಲಿ ಇದ್ದೇನೆ. ನಾನು ವಿಜ್ಞಾನಿಯಲ್ಲ, ಸ್ಟುಡಿಯೋ ಇಟ್ಟವನೂ ಅಲ್ಲ. ಆದರೆ ಎಂಟನೇ ತರಗತಿಯ ಕೋಣೆಯಲ್ಲಿ ತೂಗು ಹಾಕಿರುವ ಮರದ ಫೋಟೋಗಳನ್ನು ನೋಡಿ ನಿನ್ನೆಯಿಂದ ಬಹಳ ಜನ ಪ್ರಶ್ನೆ ಕೇಳಿದ್ದಾರೆ. ಒಬ್ಬ ಹುಡುಗ, 'ನಮ್ಮೂರಲ್ಲಿ ಯಾವಾಗ ಹಿಮ ಬಿತ್ತು ಸಾರ್?' ಅಂದ. ಹಿರಿಯರೊಬ್ಬರು, 'ಮರದಲ್ಲಿ ಜೀವ ಇದೆಯೋ ಇಲ್ಲವೋ ತೋರಿಸೋ ಕ್ಯಾಮೆರಾ ಅಂತೆ, ಹೌದೇನಪ್ಪ?' ಅಂದರು. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಈ ಹದಿನೈದು ನಿಮಿಷ ಬಳಸಿಕೊಳ್ಳುತ್ತೇನೆ.

ಮೊದಲು ಕ್ಯಾಮೆರಾ ವಿಷಯ. ನಮ್ಮ ಕಣ್ಣಿಗೆ ನೇರಳೆಯಿಂದ ಕೆಂಪಿನವರೆಗಿನ ಬೆಳಕು ಮಾತ್ರ ಕಾಣುತ್ತದೆ. ಅಳತೆಯಲ್ಲಿ ಹೇಳುವುದಾದರೆ ಸುಮಾರು 400ರಿಂದ 700 ನ್ಯಾನೋಮೀಟರ್. ಕೆಂಪಿನ ಆಚೆಯೂ ಬೆಳಕಿದೆ. ಅದನ್ನೇ ಅವಕೆಂಪು ಅಥವಾ ಇನ್ಫ್ರಾರೆಡ್ ಎನ್ನುತ್ತಾರೆ. 1800ರಲ್ಲಿ ವಿಲಿಯಂ ಹರ್ಷಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು. ಅಲ್ಲಿಂದ ಈ ಕಥೆ ಶುರು.

ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ಗೆ ಈ ಬೆಳಕು ಸುಮಾರು 1000 ನ್ಯಾನೋಮೀಟರ್‌ವರೆಗೂ ಕಾಣುತ್ತದೆ. ಆದರೆ ಬಣ್ಣ ಕೆಡಬಾರದೆಂದು ಕಂಪನಿಯವರು ಸೆನ್ಸರ್ ಮುಂದೆ ಒಂದು ಗಾಜಿಟ್ಟು ಅದನ್ನು ತಡೆದಿರುತ್ತಾರೆ. ನಾನು ಒಂದು ಹಳೆಯ ಕ್ಯಾಮೆರಾ ಕೊಂಡು, ರಿಪೇರಿ ಮಾಡುವವರ ಹತ್ತಿರ ಆ ಗಾಜು ತೆಗೆಸಿ ಬರೀ ಪಾರದರ್ಶಕ ಗಾಜು ಹಾಕಿಸಿದೆ. ಇದಕ್ಕೆ ಫುಲ್ ಸ್ಪೆಕ್ಟ್ರಮ್ ಕ್ಯಾಮೆರಾ ಎನ್ನುತ್ತಾರೆ. ಲೆನ್ಸಿನ ಮುಂದೆ ಒಂದು ಫಿಲ್ಟರ್ ಹಾಕಿದರೆ ಮಾಮೂಲಿ ಬಣ್ಣದ ಫೋಟೋ. ಅದನ್ನು ತೆಗೆದು 720 ನ್ಯಾನೋಮೀಟರ್‌ನ ಕಪ್ಪು ಫಿಲ್ಟರ್ ಹಾಕಿದರೆ ಅವಕೆಂಪಿನ ಫೋಟೋ. ಮಕ್ಕಳೇ, ಮನೆಗೆ ಹೋಗಿ ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಾ ಬಟನ್ ಒತ್ತಿ. ಕಣ್ಣಿಗೆ ಕಾಣದ ಒಂದು ಬೆಳಕು ಮಿನುಗುವುದು ಹೆಚ್ಚಿನ ಮೊಬೈಲುಗಳಲ್ಲಿ ಕಾಣುತ್ತದೆ. ಅದೇ ಇದು. ಆದರೆ ಇದು ಜ್ವರ ನೋಡುವ ಕ್ಯಾಮೆರಾ ಅಲ್ಲ, ಶಾಖವನ್ನು ತೋರಿಸುವುದಿಲ್ಲ. ಬಿಸಿಲು ಮರದ ಮೇಲೆ ಬಿದ್ದು ವಾಪಸು ಬಂದದ್ದನ್ನಷ್ಟೇ ತೋರಿಸುತ್ತದೆ.

ಇನ್ನು ಎಲೆ ಬೆಳ್ಳಗೆ ಕಾಣುವುದೇಕೆ? ಎಲೆ ತನ್ನ ಅಡುಗೆಗೆ ಕೆಂಪು ಮತ್ತು ನೀಲಿ ಬೆಳಕನ್ನು ತೆಗೆದುಕೊಳ್ಳುತ್ತದೆ, ಹಸಿರನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಅವಕೆಂಪು ಅದಕ್ಕೆ ಬೇಡ. ಎಲೆಯ ಒಳಗೆ ಜೀವಕೋಶಗಳ ನಡುವೆ ಗಾಳಿಯ ಸಂದುಗಳಿರುತ್ತವೆ. ಒಂದು ಸಕ್ಕರೆ ಹರಳು ಗಾಜಿನಂತೆ ಕಂಡರೂ ಸಕ್ಕರೆಯ ರಾಶಿ ಬೆಳ್ಳಗೆ ಕಾಣುತ್ತದಲ್ಲ, ಹಾಗೆಯೇ ಬೆಳಕು ಆ ಸಂದುಗಳಲ್ಲಿ ಚದುರಿ, ಹೆಚ್ಚುಕಡಿಮೆ ಅರ್ಧದಷ್ಟು ಹೊರಗೆ ಬರುತ್ತದೆ. ಹೀಗಾಗಿ ಒಳ್ಳೆಯ ಎಲೆ ಈ ಫೋಟೋದಲ್ಲಿ ಹತ್ತಿಯಂತೆ ಕಾಣುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್‌. ಡಬ್ಲ್ಯೂ. ವುಡ್ 1910ರಲ್ಲೇ ಇಂಥ ಚಿತ್ರಗಳನ್ನು ಪ್ರಕಟಿಸಿದ್ದರು. ಎರಡನೇ ಮಹಾಯುದ್ಧದಲ್ಲಿ ಫಿರಂಗಿಗಳ ಮೇಲೆ ಕಡಿದ ಕೊಂಬೆ ಮುಚ್ಚಿ ಅಡಗಿಸಿದ್ದನ್ನು ಅವಕೆಂಪು ಫಿಲ್ಮಿನಿಂದ ಪತ್ತೆ ಮಾಡುತ್ತಿದ್ದರು. ನಮ್ಮ ದೇಶದಲ್ಲಿ 1970ರ ಸುಮಾರಿಗೆ ಪಿ.ಆರ್‌. ಪಿಷಾರೋಟಿ ಅವರ ತಂಡ ಹೆಲಿಕಾಪ್ಟರಿನಿಂದ ಇಂಥ ಫಿಲ್ಮಿನಲ್ಲಿ ಕೇರಳದ ತೆಂಗಿನ ತೋಟಗಳ ಫೋಟೋ ತೆಗೆದು ಬೇರುರೋಗವನ್ನು ಗುರುತಿಸಿತು. ಭಾರತದ ದೂರಸಂವೇದನೆ ಕೆಲಸ ಆರಂಭವಾದದ್ದು ತೆಂಗಿನ ಮರದಿಂದ. 1988ರಲ್ಲಿ ಮೇಲೆ ಹೋದ ಇಸ್ರೋದ ಐ.ಆರ್‌.ಎಸ್‌.-1ಎ ಉಪಗ್ರಹದ ಕ್ಯಾಮೆರಾದಲ್ಲೂ ಅವಕೆಂಪಿಗೇ ಒಂದು ಪಟ್ಟಿ ಇತ್ತು.

ಇದನ್ನೆಲ್ಲ ಓದಿಕೊಂಡು ನನಗೆ ಸ್ವಲ್ಪ ತಲೆ ತಿರುಗಿತ್ತು. ಭಾನುವಾರ ಬಂತೆಂದರೆ ಲಾಲ್‌ಬಾಗ್‌ಗೆ ಹೋಗುತ್ತಿದ್ದೆ. ಒಣಗಿದ ಮರಗಳಲ್ಲಿ ಕಲಾವಿದರು ಕೆತ್ತಿದ ಆಕೃತಿಗಳು, ಕಲ್ಲಾಗಿಹೋದ ಎರಡು ಕೋಟಿ ವರ್ಷದ ಮರದ ದಿಮ್ಮಿ, ಎಲ್ಲವನ್ನೂ ಎರಡೆರಡು ಸಲ ತೆಗೆಯುತ್ತಿದ್ದೆ. ಸುತ್ತ ಹುಲ್ಲು ಬೆಳ್ಳಗೆ, ನಡುವೆ ಒಣಮರ ಬೂದು ಬಣ್ಣ. ನೋಡಿದವರು ಭೇಷ್ ಅಂದರು. ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ನಾನು ಹೇಳಬಲ್ಲೆ ಅಂದುಕೊಂಡೆ.

ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು. ನಮ್ಮ ಆಫೀಸಿನ ಎದುರು ಒಂದು ಗುಲ್‌ಮೊಹರ್ ಮರ ಇತ್ತು. ಅದರ ಬುಡದಲ್ಲಿ ಒಬ್ಬ ಅಮ್ಮ ಟೀ ಮಾರುತ್ತಿದ್ದರು. ಕೊಂಬೆ ಲಾರಿಗಳಿಗೆ ತಗಲುತ್ತಿತ್ತು. ಒಂದು ಜನವರಿಯಲ್ಲಿ ಮರ ಪೂರ್ತಿ ಬೋಳಾಗಿ, ಒಣಗಿದ ಕಂದು ಕಾಯಿಗಳು ಮಾತ್ರ ನೇತಾಡುತ್ತಿದ್ದವು. 'ಸತ್ತಿದೆ, ಬೀಳುತ್ತೆ, ತೆಗೆಸೋಣ' ಅಂತ ಅಕ್ಕಪಕ್ಕದವರು ಮಾತಾಡಿಕೊಂಡರು. ನನ್ನನ್ನು ಕೇಳಿದರು. ನಾನು ಎರಡು ಫೋಟೋ ತೆಗೆದೆ. ಅವಕೆಂಪಿನ ಫೋಟೋದಲ್ಲಿ ಒಂದು ಚುಕ್ಕೆಯಷ್ಟೂ ಬಿಳಿ ಇರಲಿಲ್ಲ. 'ಸತ್ತಿದೆ' ಅಂದೆ. ಟೀ ಅಮ್ಮ, 'ಸಾರ್, ಇದು ಪ್ರತಿ ವರ್ಷ ಹಿಂಗೇ ಬೋಳಾಗುತ್ತೆ. ಬೇಸಿಗೆ ಬರ್ಲಿ, ನೋಡಿ' ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರ ಕಡಿಯಲು ಅನುಮತಿ ಬೇಕೆಂಬ ಕಾನೂನು ಕರ್ನಾಟಕದಲ್ಲಿ 1976ರಿಂದ ಇದೆ. ಅರ್ಜಿ ಹಾಕಿದರು, ಜೊತೆಗೆ ನನ್ನ ಫೋಟೋ ಲಗತ್ತಿಸಿದರು. ಮರ ಕಡಿದ ದಿನ ನಾನು ಅಲ್ಲೇ ನಿಂತಿದ್ದೆ. ಗರಗಸದ ಪುಡಿ ಒದ್ದೆಯಾಗಿತ್ತು. ಕೊಯ್ದ ಬುಡ ಮುಟ್ಟಿದರೆ ಕೈಗೆ ತಣ್ಣಗೆ ನೀರು ಹತ್ತಿತು. ಏಪ್ರಿಲ್‌ನಲ್ಲಿ ಮೋಟಿನ ಪಕ್ಕದಿಂದ ಚಿಗುರು ಬಂತು. ಟೀ ಅಮ್ಮ ಅದರ ಪಕ್ಕದಲ್ಲೇ ಒಂದು ಹರಿದ ಛತ್ರಿ ಕಟ್ಟಿಕೊಂಡು ಬಿಸಿಲಲ್ಲಿ ಕೂತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಟೀ ಕೊಟ್ಟರು.

ತಪ್ಪು ಕ್ಯಾಮೆರಾದ್ದಲ್ಲ, ನನ್ನದು. ಆ ಬೆಳಕು ಎಲೆಯ ಸುದ್ದಿ ಹೇಳುತ್ತದೆ, ಮರದ ಸುದ್ದಿಯನ್ನಲ್ಲ. ಎಲೆ ಉದುರಿಸಿದ ಗುಲ್‌ಮೊಹರ್, ಬೂರುಗ, ಇವೆಲ್ಲ ಜೀವಂತವಾಗಿದ್ದರೂ ಒಣಮರದ ಹಾಗೇ ಬೂದು ಬಣ್ಣವಾಗಿ ಕಾಣುತ್ತವೆ. ಅದನ್ನು ತಿಳಿಯಲು ಉಗುರು ಸಾಕು. ಎಳೆಯ ಕೊಂಬೆಯ ತೊಗಟೆ ಕೆರೆದಾಗ ಒಳಗೆ ಹಸಿರಿದ್ದು ತೇವವಿದ್ದರೆ ಜೀವ ಇದೆ. ನಾನು ಲಾಡ್ಜಿನ ಮಹಡಿಯಿಂದ ಫೋಟೋ ತೆಗೆದವನು. ಮರದ ಹತ್ತಿರ ಹೋಗಿ ಕೆರೆದು ನೋಡಿರಲಿಲ್ಲ.

ಹೋದ ವರ್ಷ ಈ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ, ನಮ್ಮ ಅಂಗಳದ ಹೊಂಗೆ ಮರ ಅರ್ಧ ಒಣಗಿದೆ, ಮಕ್ಕಳ ಮೇಲೆ ಬಿದ್ದೀತು, ಕಡಿಸಿಬಿಡೋಣ ಎಂಬ ಮಾತು ಬಂತು. ಮಾತು ತಪ್ಪಲ್ಲ, ಮಕ್ಕಳ ಜೀವ ದೊಡ್ಡದು. ನಾನು ಒಂದು ವರ್ಷ ಸಮಯ ಕೇಳಿದೆ, ನೀವು ಕೊಟ್ಟಿರಿ. ಜೂನ್, ಅಕ್ಟೋಬರ್, ಮಾರ್ಚ್, ಮೇ, ನಾಲ್ಕು ಸಲ ಬಂದೆ. ಧ್ವಜಸ್ತಂಭದ ಹತ್ತಿರ ಅದೇ ಜಾಗದಲ್ಲಿ, ಬೆಳಿಗ್ಗೆ ಹತ್ತಕ್ಕೆ, ಎರಡೆರಡು ಫೋಟೋ. ಆ ಎಂಟು ಫೋಟೋಗಳೇ ಗೋಡೆಯ ಮೇಲಿರುವುದು.

ಜೂನ್‌ನ ಅವಕೆಂಪು ಫೋಟೋ ನೋಡಿ. ಪೂರ್ವದ ಕಡೆ ಇಡೀ ಹರವು ಬಿಳಿ. ಪಶ್ಚಿಮದ ದೊಡ್ಡ ಕೊಂಬೆಯಲ್ಲಿಯೂ ಎರಡು ಬಿಳಿ ಗೊಂಚಲು. ಅದನ್ನು ಕಂಡು ನನಗೆ ಖುಷಿಯಾಯಿತು, ಆ ಕಡೆಯೂ ಜೀವ ಇದೆ ಅಂದುಕೊಂಡೆ. ಆದರೆ ಮಾಮೂಲಿ ಬಣ್ಣದ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಆ ಎಲೆ ಹೊಂಗೆಯದಲ್ಲ. ದಪ್ಪ ಎಲೆ, ಕೆಂಪು ಹೂ. ಅದು ಬಂದಳಿಕೆ. ಹಕ್ಕಿ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಒರೆಸಿ ಬೆಳೆಸುವ, ಮರದ ರಸ ಹೀರುವ ಗಿಡ. ಅವಕೆಂಪಿಗೆ ಎರಡೂ ಒಂದೇ ಬಿಳಿ. ಆ ಕೊಂಬೆಯಲ್ಲಿ ರಸ ಇನ್ನೂ ಸ್ವಲ್ಪ ಉಳಿದಿತ್ತು, ಅದನ್ನು ಬಂದಳಿಕೆ ಕುಡಿಯುತ್ತಿತ್ತು. ಮೇ ಹೊತ್ತಿಗೆ ಬಂದಳಿಕೆಯೂ ಒಣಗಿತು. ಏಣಿ ಹಾಕಿ ಕೆರೆದೆವು, ಕೊಂಬೆಯ ಒಳಗೆಲ್ಲ ಕಂದು. ಪೂರ್ವದ ಕಡೆ ಮಾರ್ಚ್‌ನಲ್ಲಿ ಎಲೆ ಉದುರಿ ಬೂದಾಗಿದ್ದದ್ದು ಯುಗಾದಿ ಕಳೆದು ಚಿಗುರಿ, ಮೇ ಫೋಟೋದಲ್ಲಿ ಮತ್ತೆ ಬೆಳ್ಳಗಿದೆ.

ಪಶ್ಚಿಮದ ಕಡೆಯೇ ಯಾಕೆ ಒಣಗಿತು? ಅಲ್ಲೇ ನೀರಿನ ಪೈಪಿಗೆ ಗುಂಡಿ ತೋಡಿ ಬೇರು ಕಡಿದಿದ್ದೇವೆ, ಮೇಲೆ ಬುಡದವರೆಗೂ ಸಿಮೆಂಟ್ ಹಾಕಿದ್ದೇವೆ. ಆ ಸಿಮೆಂಟಿಗೆ ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಕ್ಕಳು ಓಡಾಡುವ ದಾರಿಯ ಮೇಲೆ ಚಾಚಿರುವ ಒಣಕೊಂಬೆಯನ್ನು ಅನುಮತಿ ಪಡೆದು ಈ ರಜೆಯಲ್ಲೇ ತೆಗೆಸೋಣ, ತಡ ಬೇಡ. ಕಾಂಡದ ಹತ್ತಿರ ಒಂದು ಗೇಣು ಪೊಟರೆ ಇರುವ ಗಟ್ಟಿ ಭಾಗ ಇರಲಿ. ಅಲ್ಲಿ ಕುಟುರ ಹಕ್ಕಿ ಗೂಡು ಮಾಡಿದೆ. ಬುಡದ ಸಿಮೆಂಟ್ ಒಡೆದು ಮಣ್ಣು ಬಿಡಿಸೋಣ, ಅದರ ಖರ್ಚು ನನ್ನದು. ಉಳಿದ ಅರ್ಧ ಮರವನ್ನು ಇನ್ನೂ ಒಂದು ವರ್ಷ ನೋಡೋಣ. ನೋಡುವ ಕೆಲಸ ಎಂಟನೇ ತರಗತಿಯ ಮಕ್ಕಳದು. ಕ್ಯಾಮೆರಾವನ್ನು ಶಾಲೆಗೇ ಬಿಟ್ಟು ಹೋಗುತ್ತಿದ್ದೇನೆ.

ಅಜ್ಜ ಕೇಳಿದ ಪ್ರಶ್ನೆಗೆ ಉತ್ತರ ಇದು: ಜೀವ ಇದೆಯೋ ಇಲ್ಲವೋ ಎಂದು ಒಂದು ಫೋಟೋ ಹೇಳುವುದಿಲ್ಲ. ಎರಡು ಫೋಟೋ, ಒಂದು ಉಗುರು, ಒಂದು ವರ್ಷ, ಮತ್ತೆ ಮರದ ಕೆಳಗೆ ದಿನಾ ಕೂರುವವರ ಮಾತು, ಇಷ್ಟೂ ಸೇರಿದರೆ ಹೇಳಬಹುದು.