ಪಂಕ್ಚರ್ ಸಲ್ಯೂಷನ್ ಮೂಸುವ ಮಕ್ಕಳು

ಮಾದಕ ವ್ಯಸನವೆಂದರೆ ಗಾಂಜಾ, ಹೆರಾಯಿನ್ ನೆನಪಾಗುತ್ತವೆ. ಆದರೆ ರೈಲು ನಿಲ್ದಾಣದ ಬಳಿ ಚಿಂದಿ ಆಯುವ ಹುಡುಗನ ಕೈಯಲ್ಲಿ ಎಷ್ಟೋ ಸಲ ಇರುವುದು ಪಂಕ್ಚರ್ ಸಲ್ಯೂಷನ್ ಹಚ್ಚಿದ ಬಟ್ಟೆಯ ತುಂಡು. ಅಂಗಡಿಯಲ್ಲಿ ಸಲೀಸಾಗಿ ಸಿಗುವ ವಸ್ತು. ಮೂಸಿದರೆ ಹಸಿವು, ಚಳಿ, ಭಯ ಸ್ವಲ್ಪ ಹೊತ್ತು ಮರೆತುಹೋಗುತ್ತವೆ. ಆದರೆ ಅದರ ಆವಿ ಮಿದುಳನ್ನು ಕೆಡಿಸುತ್ತದೆ. ಒಮ್ಮೊಮ್ಮೆ ಹೃದಯವೇ ತಟ್ಟನೆ ನಿಂತುಬಿಡುತ್ತದೆ.

2019ರಲ್ಲಿ ಪ್ರಕಟವಾದ ಮಾದಕ ವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದು ಇಂಥ ವಸ್ತುಗಳನ್ನು ಮೂಸುವ ಅಮಲೊಂದೇ. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58.

ಇಂಥ ಮಗುವನ್ನು ಗದರಿಸಿ ಅಟ್ಟುತ್ತೇವಲ್ಲ, ನನಗೆ ಬಹಳ ನೋವಾಗುವುದು ಅದಕ್ಕೆ. ಆ ಮಗುವಿಗೆ ಚಿಕಿತ್ಸೆ ಬೇಕು, ಜೊತೆಗೆ ಊಟ ಮತ್ತು ಮಲಗಲೊಂದು ಜಾಗ. ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ.