ಕೆಂಪು ಅಕ್ಷರಗಳನ್ನು ಓದುವ ಬಗೆ

(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ ಕಂಪ್ಯೂಟರ್ ವಿಷಯ ಮಾತನಾಡಲು ಏಕೆ ಬಂದಳೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಂದಿನ ವಿಷಯ ಜಾವಾಸ್ಕ್ರಿಪ್ಟ್‌ಗೆ ಸೇರಿದ್ದಾದರೂ ಅದರಲ್ಲಿ ಅರ್ಧ ಪಾಲು ಓದುವುದಕ್ಕೆ ಸಂಬಂಧಿಸಿದ್ದು. ಯೂನಿಟ್ ಟೆಸ್ಟ್ ಓಡಿಸಿದಾಗ ಪರದೆಯ ತುಂಬ ಕೆಂಪು ಅಕ್ಷರದ ಇಂಗ್ಲಿಷ್ ಸಾಲುಗಳು ಮೂಡುತ್ತವೆ. ಎಷ್ಟೋ ವಿದ್ಯಾರ್ಥಿಗಳು ಅವನ್ನು ಓದುವ ಮೊದಲೇ ತಮ್ಮ ಪ್ರೋಗ್ರಾಂ ತಪ್ಪೆಂದು ತೀರ್ಮಾನಿಸಿ, ಸರಿಯಾಗಿದ್ದುದನ್ನೂ ಅಳಿಸಿಬಿಡುತ್ತಾರೆ. 'ಇದು ನಮ್ಮಂಥವರಿಗಲ್ಲ' ಎಂದು ಕೈಚೆಲ್ಲುವವರೂ ಉಂಟು. ಆ ಮಾತು ನಿಮ್ಮ ಬಾಯಲ್ಲಿ ಬರಬಾರದೆಂಬುದೇ ನನ್ನ ಆಸೆ.

ಮೊದಲು ಯೂನಿಟ್ ಟೆಸ್ಟ್ ಎಂದರೇನು ನೋಡೋಣ. ಅಂಕಗಳ ಶೇಕಡಾವಾರು ಲೆಕ್ಕ ಹಾಕುವ ಒಂದು ಫಂಕ್ಷನ್ ಬರೆದಿದ್ದೀರಿ ಎನ್ನಿ. 625ಕ್ಕೆ 500 ಅಂಕ ಕೊಟ್ಟರೆ ಅದು 80 ಎನ್ನಬೇಕು. ಹಾಗೆ ಹೇಳುತ್ತದೆಯೇ ಎಂದು ತಾನಾಗಿ ಪರಿಶೀಲಿಸುವ ಪುಟ್ಟ ಪ್ರೋಗ್ರಾಮೇ ಯೂನಿಟ್ ಟೆಸ್ಟ್. ಇದನ್ನು ಓಡಿಸಲು ಜೆಸ್ಟ್‌ನಂತಹ ಫ್ರೇಮ್‌ವರ್ಕ್ ಬೇಕು. ಆ ಫ್ರೇಮ್‌ವರ್ಕಿಗೆ ಬೇರೆಯವರು ಬರೆದ ಪ್ಯಾಕೇಜುಗಳು ಬೇಕು. ಇವೇ ಡಿಪೆಂಡೆನ್ಸಿಗಳು, ಅಂದರೆ ಅವಲಂಬನೆಗಳು. ಇವುಗಳಲ್ಲಿ ಬೇಕಾದ ಒಂದು ಇಲ್ಲದಿದ್ದರೂ ಟೆಸ್ಟ್ ಆರಂಭವೇ ಆಗದಿರಬಹುದು. ಪ್ರಶ್ನೆಪತ್ರಿಕೆಯ ಕಟ್ಟು ಪರೀಕ್ಷಾ ಕೇಂದ್ರಕ್ಕೆ ಬಾರದಿದ್ದರೆ ವಿದ್ಯಾರ್ಥಿ ನಪಾಸಾದನೆಂದು ಯಾರಾದರೂ ಹೇಳುತ್ತಾರೆಯೇ?

ಒಂದು ನಿಜವಾದ ಉದಾಹರಣೆ ನೋಡೋಣ. ವೆಬ್ ಪುಟದ ಪ್ರೋಗ್ರಾಂ ಬ್ರೌಸರಿನಲ್ಲಿ ಓಡುತ್ತದೆ. ಜೆಸ್ಟ್ ಮಾತ್ರ ಬ್ರೌಸರಿನ ಹೊರಗೆ, ನೋಡ್ ಎಂಬ ವ್ಯವಸ್ಥೆಯಲ್ಲಿ ಓಡುತ್ತದೆ. ಅಲ್ಲಿ ಪುಟವೂ ಇಲ್ಲ, ಬಟನ್ನೂ ಇಲ್ಲ. ಆ ಕೊರತೆ ನೀಗಿಸಲು ಜೆಎಸ್‌ಡಾಮ್ ಎಂಬ ಪ್ಯಾಕೇಜು ಬ್ರೌಸರಿನ ಅನುಕರಣೆಯನ್ನು ಒದಗಿಸುತ್ತದೆ. ಜೆಸ್ಟ್‌ನ 26ನೇ ಆವೃತ್ತಿಯವರೆಗೆ ಇದು ತಾನಾಗಿಯೇ ಬಳಕೆಯಾಗುತ್ತಿತ್ತು. 2021ರ 27ನೇ ಆವೃತ್ತಿಯಿಂದ ನಾವೇ ಆರಿಸಬೇಕಾಯಿತು. 2022ರ 28ನೇ ಆವೃತ್ತಿಯಿಂದ ಅದು ಜೆಸ್ಟ್ ಜೊತೆ ಬರುವುದೂ ನಿಂತು, ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಯಿತು. ಹಳೆಯ ಪುಸ್ತಕ ನೋಡಿ ಹೊಸ ಜೆಸ್ಟ್ ಬಳಸುವವರು ಎಡವುವುದು ಇಲ್ಲಿಯೇ.

ಈಗ ಕೆಂಪು ಸಾಲುಗಳನ್ನು ಒಂದೊಂದಾಗಿ ಓದೋಣ.

ಒಂದು: 'ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್'. ಟೆಸ್ಟ್ ನೋಡ್ ಪರಿಸರದಲ್ಲಿ ಓಡುತ್ತಿದೆ, ಪುಟ ಎಂಬುದೇ ಅದಕ್ಕೆ ಗೊತ್ತಿಲ್ಲ ಎಂದರ್ಥ. ಜೆಸ್ಟ್‌ನ ಸಂರಚನೆಯಲ್ಲಿ ಟೆಸ್ಟ್ ಎನ್ವಿರಾನ್ಮೆಂಟ್ ಎಂಬಲ್ಲಿ ಜೆಎಸ್‌ಡಾಮ್ ಎಂದು ಬರೆಯಬೇಕು.

ಎರಡು: 'ಜೆಸ್ಟ್-ಎನ್ವಿರಾನ್ಮೆಂಟ್-ಜೆಎಸ್‌ಡಾಮ್ ಕೆನಾಟ್ ಬಿ ಫೌಂಡ್'. ಪರಿಸರವನ್ನು ಆರಿಸಿದ್ದೀರಿ, ಆದರೆ ಪ್ಯಾಕೇಜು ಇಲ್ಲ. ಎನ್‌ಪಿಎಂ ಇನ್‌ಸ್ಟಾಲ್ ಆದೇಶಕ್ಕೆ ಸೇವ್-ಡೆವ್ ಎಂಬ ಆಯ್ಕೆಯನ್ನೂ ಅದೇ ಹೆಸರನ್ನೂ ಕೊಟ್ಟು ಸ್ಥಾಪಿಸಿ. ಜೆಸ್ಟ್ 29 ಆಗಿದ್ದರೆ ಇದೂ 29 ಆಗಿರಲಿ.

ಮೂರು: 'ಕೆನಾಟ್ ಫೈಂಡ್ ಮಾಡ್ಯೂಲ್'. ಇದರ ಮುಂದಿರುವ ಹೆಸರನ್ನು ಗಮನಿಸಿ. ಹೆಸರು ಚುಕ್ಕೆಯಿಂದ ಆರಂಭವಾದರೆ ಅದು ನಿಮ್ಮದೇ ಕಡತ. ಹಾದಿಯನ್ನೂ ದೊಡ್ಡ-ಸಣ್ಣ ಅಕ್ಷರಗಳನ್ನೂ ಹೋಲಿಸಿ ನೋಡಿ. ವಿಂಡೋಸ್ ಸಾಮಾನ್ಯವಾಗಿ ಈ ಅಕ್ಷರಭೇದವನ್ನು ಲೆಕ್ಕಿಸದು, ಲಿನಕ್ಸ್ ಲೆಕ್ಕಿಸುತ್ತದೆ. ಚುಕ್ಕೆಯಿಲ್ಲದೆ 'ರಿಯಾಕ್ಟ್' ಎಂಬಂತಹ ಹೆಸರಿದ್ದರೆ ಅದು ಹೆಚ್ಚಾಗಿ ಹೊರಗಿನ ಪ್ಯಾಕೇಜು. ಪ್ಯಾಕೇಜ್ ಡಾಟ್ ಜೇಸನ್ ಎಂಬ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಕಾಗುಣಿತ ಸರಿಯಿದೆಯೆಂದು ಖಚಿತಪಡಿಸಿಕೊಂಡು ಸೇರಿಸಿ.

ಪಟ್ಟಿಯಲ್ಲಿದ್ದೂ ಪ್ಯಾಕೇಜು ಬಾರದಿದ್ದರೆ ಮೂರು ಸಂದೇಹಗಳು. ಸರಿಯಾದ ಫೋಲ್ಡರಿನಲ್ಲಿ ಇದ್ದೀರಾ? ನೋಡ್ ಎನ್ವ್ ಎಂಬ ಚರಾಂಶಕ್ಕೆ ಪ್ರೊಡಕ್ಷನ್ ಎಂಬ ಬೆಲೆಯಿದೆಯೇ? ಹಾಗಿದ್ದರೆ ಟೆಸ್ಟಿಗೆ ಬೇಕಾದವುಗಳನ್ನು ಎನ್‌ಪಿಎಂ ಬಿಟ್ಟುಬಿಡುತ್ತದೆ. ಕೊನೆಯದಾಗಿ, ಯಾರೋ ಹೇಳಿದರೆಂದು ಲೆಗಸಿ-ಪೀರ್-ಡೆಪ್ಸ್ ಎಂಬ ಆಯ್ಕೆ ಬಳಸಿದಿರಾ? ಒಂದು ಪ್ಯಾಕೇಜು ತನ್ನ ಜೊತೆಗಿರಲೇಬೇಕೆಂದು ಕೇಳುವ ಇನ್ನೊಂದು ಪ್ಯಾಕೇಜೇ ಪೀರ್ ಡಿಪೆಂಡೆನ್ಸಿ. 2020ರಲ್ಲಿ ಬಂದ ಎನ್‌ಪಿಎಂ 7 ಇವನ್ನು ತಾನೇ ತಂದುಕೊಡುತ್ತದೆ. ಆ ಆಯ್ಕೆ ಕೊಟ್ಟರೆ ತರುವುದಿಲ್ಲ. ಎಚ್ಚರಿಕೆ ಮಾಯವಾಗುತ್ತದೆ, ಕೊರತೆ ಉಳಿಯುತ್ತದೆ.

ಇಂತಹ ಕಷ್ಟ ಕಲಿಯುವವರಿಗೆ ಮಾತ್ರವೆಂದು ಭಾವಿಸಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳ ಕೆಲಸ ಕೆಲಕಾಲ ನಿಂತಿತು. ಅನುಭವಿಗಳ ಪರದೆಯೂ ಅಂದು ಕೆಂಪಾಗಿತ್ತು. ಅವರು ಸಾಲನ್ನು ಓದಿದರು, ಹೆಸರನ್ನು ಹುಡುಕಿದರು.

ವಿದ್ಯಾರ್ಥಿಗಳೇ, ಕೊನೆಯದಾಗಿ ಒಂದು ಮಾತು. ಕಾಲೇಜಿನ ಪ್ರಾಜೆಕ್ಟನ್ನಾಗಲಿ, ಕೆಲಸಕ್ಕಾಗಿ ಬರೆದ ಪ್ರೋಗ್ರಾಮನ್ನಾಗಲಿ ಪರಿಶೀಲಿಸುವವರು ತಮ್ಮ ಯಂತ್ರದಲ್ಲಿ ಓಡಿಸುತ್ತಾರೆ. ನಿಮ್ಮ ಯಂತ್ರದಲ್ಲಿ ಎಂದೋ ಸ್ಥಾಪಿಸಿದ್ದ ಪ್ಯಾಕೇಜು ಅಲ್ಲಿರುವುದಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದ ಕಾರಣಕ್ಕೆ ತಿಂಗಳುಗಟ್ಟಲೆಯ ಶ್ರಮವನ್ನು ಅವರು ನೋಡದೆಯೇ ಬದಿಗಿಡಬಹುದು. ಆದ್ದರಿಂದ ಕಳುಹಿಸುವ ಮುನ್ನ ಪ್ರಾಜೆಕ್ಟನ್ನು ನೋಡ್ ಮಾಡ್ಯೂಲ್ಸ್ ಫೋಲ್ಡರ್ ಬಿಟ್ಟು ಬೇರೆ ಜಾಗಕ್ಕೆ ನಕಲು ಮಾಡಿ. ಅಲ್ಲಿ ಎನ್‌ಪಿಎಂ ಸಿಐ ಆದೇಶ ಕೊಡಿ. 2018ರಲ್ಲಿ ಬಂದ ಈ ಆದೇಶ ಲಾಕ್ ಕಡತದಲ್ಲಿ ಬರೆದಿರುವ ಆವೃತ್ತಿಗಳನ್ನೇ ಸ್ಥಾಪಿಸುತ್ತದೆ, ಪಟ್ಟಿಗೂ ಲಾಕ್ ಕಡತಕ್ಕೂ ಹೊಂದಿಕೆಯಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ನಂತರ ಟೆಸ್ಟ್ ಓಡಿಸಿ. ಲಾಕ್ ಕಡತವನ್ನು ಪ್ರಾಜೆಕ್ಟಿನ ಜೊತೆಗೇ ಕಳುಹಿಸಿ.

ಕೆಂಪು ಸಾಲನ್ನು ಗಟ್ಟಿಯಾಗಿ ಓದಿ, ಅದರಲ್ಲಿರುವ ಹೆಸರಿಗೆ ಗೆರೆ ಎಳೆಯಿರಿ, ಆಮೇಲೆ ಕೀಲಿಮಣೆ ಮುಟ್ಟಿ.