ಒಂದು ಅಕ್ಷರದ ಅಮಾನತ್ತು



ಶಿಕ್ಷಣದ ವಿಷಯ ಬಂದಾಗ ನಾವು ಹೆಚ್ಚಾಗಿ ಓದಿನ ಬಗ್ಗೆ ಮಾತನಾಡುತ್ತೇವೆ. ಇಂದು ನಾನು ಬರವಣಿಗೆಯ ಬಗ್ಗೆ, ಅದರಲ್ಲೂ ಬರೆಯುವವನ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ. ಅದಕ್ಕೆ ಉದಾಹರಣೆಯಾಗಿ ಯಹೂದಿಯರಲ್ಲಿ ತೌರಾತನ್ನು ಕೈಯಿಂದ ಬರೆಯುವ ಲಿಪಿಕಾರನನ್ನು ಆರಿಸಿಕೊಂಡಿದ್ದೇನೆ. ಹೀಬ್ರೂ ಭಾಷೆಯಲ್ಲಿ ಅವನಿಗೆ ಸೋಫೇರ್ ಎನ್ನುತ್ತಾರೆ. ಪ್ರವಾದಿ ಮೂಸಾ (ಅ) ಅವರಿಗೆ ಅಲ್ಲಾಹನು ತೌರಾತನ್ನು ದಯಪಾಲಿಸಿದನೆಂಬುದು ನಮ್ಮ ವಿಶ್ವಾಸ. ಇಂದು ಯಹೂದಿಯರ ಕೈಯಲ್ಲಿರುವ ಗ್ರಂಥದ ಬಗ್ಗೆ ನಮ್ಮ ಉಲಮಾಗಳ ನಿಲುವು ತಮಗೆ ಗೊತ್ತೇ ಇದೆ. ಆ ಚರ್ಚೆ ಇಲ್ಲಿ ಬೇಡ. ಒಳ್ಳೆಯ ಗುಣ ಯಾರಲ್ಲಿ ಕಂಡರೂ ಕಲಿಯಲು ನಮಗೆ ಅಡ್ಡಿಯಿಲ್ಲ.

ಯಹೂದಿಯರ ಆರಾಧನಾಲಯದಲ್ಲಿ ವಿಧಿಪೂರ್ವಕವಾಗಿ ಓದುವ ತೌರಾತ್ ಅಚ್ಚಾದ ಪುಸ್ತಕವಾಗಿರುವಂತಿಲ್ಲ. ಅದು ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿಯೇ ಆಗಿರಬೇಕು. ಅವರ ಧರ್ಮ ಅನುಮತಿಸಿದ ದನ, ಕುರಿ, ಆಡುಗಳಂಥ ಪ್ರಾಣಿಗಳ ಚರ್ಮವನ್ನೇ ಬಳಸುತ್ತಾರೆ. ಚರ್ಮ ಹದ ಮಾಡುವಾಗಲೇ ಇದು ತೌರಾತಿಗಾಗಿ ಎಂಬ ನಿಯ್ಯತ್ತು ಇರಬೇಕು. ಮಾಚಿಕಾಯಿ, ಗೋಂದು, ಅನ್ನಭೇದಿ ಮುಂತಾದವುಗಳಿಂದ ಕಪ್ಪು ಶಾಯಿ ತಯಾರಾಗುತ್ತದೆ. ಲೇಖನಿ ಟರ್ಕಿ ಕೋಳಿಯದೋ ಹೆಬ್ಬಾತಿನದೋ ಗರಿ. ಕೆಲವು ಕಡೆ ನಮ್ಮ ಕಾತಿಬರಂತೆ ಜೊಂಡಿನ ಕಲಮ್. ಶಾಯಿ ತಾಗಿಸದೆ ಚರ್ಮದ ಮೇಲೆ ಗೆರೆ ಗೀರಿಕೊಂಡು, ಆ ಗೆರೆಗಳಿಂದ ಅಕ್ಷರಗಳು ಕೆಳಗೆ ಜೋತುಬಿದ್ದಂತೆ ಬರೆಯುತ್ತಾರೆ. ಬರೆದ ಹಾಳೆಗಳನ್ನು ಪ್ರಾಣಿಯ ನರದ ದಾರದಿಂದ ಹೊಲಿದು ಸುರುಳಿ ಮಾಡುತ್ತಾರೆ. ಇಡೀ ಗ್ರಂಥದಲ್ಲಿ 3,04,805 ಅಕ್ಷರಗಳಿವೆ. ಒಬ್ಬನೇ ಕುಳಿತು ಬರೆದರೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ.

ಗ್ರಂಥವೆಲ್ಲ ಬಾಯಿಪಾಠವಿದ್ದರೂ ಸೋಫೇರ್ ನೆನಪಿನಿಂದ ಬರೆಯುವಂತಿಲ್ಲ. ಎದುರಿಗೆ ಸರಿಯಾದ ಪ್ರತಿ ಇಟ್ಟುಕೊಂಡು, ಪ್ರತಿಯೊಂದು ಪದವನ್ನೂ ಬಾಯಲ್ಲಿ ಉಚ್ಚರಿಸಿ ಬರೆಯಬೇಕು. ದೇವನಾಮ ಬಂದಾಗ, ಇದನ್ನು ಅದರ ಪಾವಿತ್ರ್ಯಕ್ಕಾಗಿಯೇ ಬರೆಯುತ್ತಿದ್ದೇನೆಂದು ಮೊದಲು ಹೇಳಿಕೊಳ್ಳಬೇಕು. ಆ ಹೆಸರು ಬರೆಯುತ್ತಿರುವಾಗ ಸ್ವತಃ ರಾಜನೇ ಬಂದು ವಂದಿಸಿದರೂ ಉತ್ತರಿಸಬಾರದು. ಬೇರೆ ಪದದಲ್ಲಿ ತಪ್ಪಾದರೆ ಒಣಗಿದ ಶಾಯಿಯನ್ನು ಚೂರಿಯಿಂದ ಕೆರೆದು ತಿದ್ದಬಹುದು. ದೇವನಾಮವನ್ನು ಮಾತ್ರ ಅಳಿಸುವಂತಿಲ್ಲ. ಅದರಲ್ಲಿ ತಪ್ಪಾದರೆ ಆ ಹಾಳೆಯನ್ನೇ ತೆಗೆದಿಡಬೇಕಾಗುತ್ತದೆ. ಸುಲ್ತಾನ್ ಸಲಾಹುದ್ದೀನರ ಆಸ್ಥಾನದವರಿಗೆ ಚಿಕಿತ್ಸೆ ನೀಡುತ್ತಿದ್ದ ಯಹೂದಿ ಪಂಡಿತ ಮೂಸಾ ಇಬ್ನ್ ಮೈಮೂನ್ (ಮರಣ 1204) ಸುರುಳಿಯನ್ನು ಅಸಿಂಧುಗೊಳಿಸುವ 20 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಒಂದೇ ಒಂದು ಅಕ್ಷರ ಬಿಟ್ಟುಹೋಗುವುದೂ ಅವುಗಳಲ್ಲಿ ಒಂದು.

ಒಂದು ಅಕ್ಷರಕ್ಕೆ ಇಷ್ಟೇಕೆ ಎಂದು ತಾವು ಕೇಳಬಹುದು. ಹೀಬ್ರೂವಿನ ದಾಲೆತ್ ಮತ್ತು ರೇಶ್ ಅಕ್ಷರಗಳು ನೋಡಲು ಒಂದೇ ರೀತಿ. ದಾಲೆತ್‌ಗೆ ಹಿಂದೆ ಸಣ್ಣ ಮೂಲೆಯಿದೆ, ರೇಶ್ ದುಂಡಗಿದೆ, ಅಷ್ಟೇ. ದೇವನು ಏಕನೆಂದು ಸಾರುವ ವಾಕ್ಯದ ಕೊನೆಯ ಪದ ‘ಎಹಾದ್’, ಅಂದರೆ ಒಬ್ಬನು. ಅದರ ದಾಲೆತ್ ದುಂಡಗಾದರೆ ಅನ್ಯ ಎಂಬ ಅರ್ಥದ ಪದವಾಗಿಬಿಡುತ್ತದೆ! ಅದಕ್ಕೇ ಆ ದಾಲೆತನ್ನು ಬೇರೆ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುತ್ತಾರೆ. ಉರ್ದುವಿನಲ್ಲಿ ‘ದುಆ’ಗೆ ಒಂದು ನುಕ್ತೆ ಸೇರಿದರೆ ‘ದಗಾ’. ಕನ್ನಡದಲ್ಲಿ ‘ದಿನ’ಕ್ಕೆ ಒಂದು ದೀರ್ಘ ಬಿದ್ದರೆ ‘ದೀನ’.

ವಿದ್ಯಾರ್ಥಿಗಳಿಗೆ ಮೆಚ್ಚುಗೆಯಾಗುವ ಒಂದು ನಿಯಮ ಹೇಳುತ್ತೇನೆ. ಒಂದು ಅಕ್ಷರದ ಆಕಾರ ಸರಿಯಿದೆಯೇ ಎಂಬ ಅನುಮಾನ ಬಂದರೆ ಒಬ್ಬ ಬಾಲಕನಿಗೆ ತೋರಿಸುತ್ತಾರೆ. ಅವನು ಅತಿ ಜಾಣನೂ ಆಗಿರಬಾರದು, ದಡ್ಡನೂ ಆಗಿರಬಾರದು. ಜಾಣನಾದರೆ ವಾಕ್ಯದ ಅರ್ಥ ಹಿಡಿದು ಊಹಿಸಿಬಿಡುತ್ತಾನೆ. ಸಾಧಾರಣ ಬಾಲಕ ಕಣ್ಣಿಗೆ ಕಂಡದ್ದನ್ನು ಓದುತ್ತಾನೆ. ಪಂಡಿತರ ಬರಹಕ್ಕೆ ಮಗುವಿನ ಸಾಕ್ಷಿ!

ಈಗ ಅಕ್ಷರ ಬಿಟ್ಟುಹೋಗಿದೆಯೇ ಎಂದು ಕಂಪ್ಯೂಟರಿನಿಂದಲೂ ಪರೀಕ್ಷಿಸುತ್ತಾರೆ. ಆದರೆ ದೇವನಾಮವನ್ನು ನಿಯ್ಯತ್ತಿನಿಂದ ಬರೆದನೋ, ಬೇರೇನೋ ಯೋಚಿಸುತ್ತ ಬರೆದನೋ, ಅದನ್ನು ಯಾವ ಯಂತ್ರವೂ ಹೇಳಲಾರದು. ಶಾಯಿ ಒಂದೇ, ಆಕಾರ ಒಂದೇ. ಅದು ಬರೆದವನಿಗೆ ಗೊತ್ತು, ಅವನ ದೇವರಿಗೆ ಗೊತ್ತು. ಇಡೀ ಸಮುದಾಯ ಅವನ ಮೇಲೆ ನಂಬಿಕೆಯಿಟ್ಟು ಆ ಸುರುಳಿಯನ್ನು ಎತ್ತಿಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಇದಕ್ಕೇ ಅಮಾನತ್ತು ಎನ್ನುವುದು.

ಹಳೆಯದಾದ ಬರಹವನ್ನೂ ಅವರು ಎಸೆಯುವುದಿಲ್ಲ. ಹೂಳುತ್ತಾರೆ, ಇಲ್ಲವೇ ಗೆನಿಜಾ ಎಂಬ ಕೋಣೆಯಲ್ಲಿ ಇಡುತ್ತಾರೆ. ಜೀರ್ಣವಾದ ಕುರ್‌ಆನ್ ಹಾಳೆಗಳನ್ನು ನಾವೂ ಹೀಗೆಯೇ ಗೌರವಿಸುತ್ತೇವಲ್ಲವೇ? ಕೈರೋದ ಬೆನ್ ಎಜ್ರಾ ಆರಾಧನಾಲಯದ ಗೆನಿಜಾದಿಂದ 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ರಾಶಿರಾಶಿ ಹಾಳೆಗಳನ್ನು ಕೇಂಬ್ರಿಜ್‌ಗೆ ಕೊಂಡೊಯ್ದರು. ಗೆನಿಜಾದ ಹಾಳೆಗಳಲ್ಲಿ ನಮ್ಮ ಮಂಗಳೂರಿನ ಸುದ್ದಿಯೂ ಇದೆ. 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿಯ ಪತ್ರಗಳವು. ಭಾಷೆ ಅರಬಿ, ಲಿಪಿ ಹೀಬ್ರೂ. ಅವನಿಗೆ ಬರೆಯಲು ಕಾಗದವನ್ನು ಏಡನ್‌ನ ಗೆಳೆಯರು ಹಡಗಿನಲ್ಲಿ ಕಳುಹಿಸುತ್ತಿದ್ದರು.

ಪ್ರೀತಿಯ ವಿದ್ಯಾರ್ಥಿಗಳೇ, ನಮ್ಮ ಉರ್ದು ಕಾತಿಬರ ಕಲಮನ್ನು 1990ರ ದಶಕದಿಂದ ಕಂಪ್ಯೂಟರ್ ಬದಿಗೆ ಸರಿಸಿತು. ಅದಕ್ಕೆ ಕೊರಗಿ ಫಲವಿಲ್ಲ. ತಾವು ಕಂಪ್ಯೂಟರನ್ನೂ ಕಲಿಯಿರಿ. ಆದರೆ ಕಾತಿಬರ ಎಚ್ಚರವನ್ನು ಕಲಮಿನೊಂದಿಗೇ ಬಿಟ್ಟುಬಿಡಬೇಡಿರಿ. ಗೆಳೆಯನ ನೋಟ್ಸನ್ನು ಅರ್ಥ ತಿಳಿಯದೆ ನಕಲು ಮಾಡುವಾಗ, ಪ್ರಯೋಗ ಮಾಡದೆಯೇ ರೆಕಾರ್ಡ್ ಪುಸ್ತಕದಲ್ಲಿ ಅಂಕಿಗಳನ್ನು ತುಂಬುವಾಗ, ಓದಿ ನೋಡದೆ ಒಂದು ಸುದ್ದಿಯನ್ನು ಮೊಬೈಲಿನಲ್ಲಿ ಮುಂದಕ್ಕೆ ಕಳುಹಿಸುವಾಗ, ಆ ಸೋಫೇರನನ್ನು ನೆನೆಯಿರಿ. ನಾಳೆ ತಮ್ಮಲ್ಲಿ ಒಬ್ಬರು ಔಷಧಿ ಚೀಟಿ ಬರೆಯುವಿರಿ, ಇನ್ನೊಬ್ಬರು ಜಮೀನಿನ ಪಹಣಿಯಲ್ಲಿ ಹೆಸರು ಸೇರಿಸುವಿರಿ, ಮತ್ತೊಬ್ಬರು ಮಗುವಿನ ಜನ್ಮದಿನಾಂಕವನ್ನು ಶಾಲಾ ದಾಖಲೆಯಲ್ಲಿ ಬರೆಯುವಿರಿ. ಅಲ್ಲಿ ತಪ್ಪಿದ ಒಂದು ಅಕ್ಷರಕ್ಕಾಗಿ ಬಡವನೊಬ್ಬ ವರ್ಷಗಟ್ಟಲೆ ಕಚೇರಿ ಅಲೆಯಬೇಕಾದೀತು. ಪಹಣಿಯ ಅಕ್ಷರವೂ ಅಮಾನತ್ತೇ.

ನಮಗೆ ಅವತೀರ್ಣವಾದ ಮೊದಲ ವಚನಗಳಲ್ಲೇ ಓದಿನ ಜೊತೆಗೆ ಲೇಖನಿಯ ಪ್ರಸ್ತಾಪವೂ ಇದೆ. ಅದನ್ನು ಹಿಡಿದ ನಮ್ಮ ಕೈಗಳಿಗೆ ಅಲ್ಲಾಹನು ಎಚ್ಚರವನ್ನೂ ಪ್ರಾಮಾಣಿಕತೆಯನ್ನೂ ಕರುಣಿಸಲಿ, ಆಮೀನ್.